ಕವಳದ ಮೇಲೆ ಹೊರಿಸಿದ ಕಲೆ

ಹೊನ್ನಾವರದಿಂದ ಕುಮಟೆಗೆ ಹೋಗುವಾಗ ನಾನು ಬಸ್ಸಿನಲ್ಲಿ ಎಡಬದಿಯ ಸೀಟು ಹುಡುಕುತ್ತೇನೆ, ವಾಪಸು ಬರುವಾಗ ಬಲಬದಿಯದು. ಡಾಕ್ಟ್ರಮ್ಮನಿಗೆ ಸಮುದ್ರ ನೋಡುವ ಹುಚ್ಚು ಎಂದು ಆ ದಾರಿಯ ಕಂಡಕ್ಟರುಗಳು ತಿಳಿದುಕೊಂಡಿದ್ದಾರೆ. ಆ ಹೆದ್ದಾರಿಯಲ್ಲಿ ಸಮುದ್ರ ಕಾಣುವುದು ಅಷ್ಟರಲ್ಲೇ ಇದೆ. ನಿಜವಾದ ಕಾರಣ ಬೇರೆ. ಧಾರೇಶ್ವರ ದಾಟಿ ಸ್ವಲ್ಪ ದೂರ ಹೋದರೆ ರಸ್ತೆಯ ಪೂರ್ವ ಬದಿಗೆ, ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿಕೊಂಡು ಹೆಂಗಸರು ಕೂತಿರುತ್ತಾರೆ. ಅವರಲ್ಲಿ ಒಬ್ಬಳು ನನ್ನನ್ನು ಕಂಡರೆ ನಗುತ್ತಾಳೆ. ಆ ನಗು ನನಗೆ ಬೇಡ.

ಕಳೆದ ತಿಂಗಳು ಮದುವೆಗೆ ಹೊರಟವರು ಹತ್ತಿ ಬಸ್ಸು ತುಂಬಿಹೋಗಿತ್ತು. ಸಿಕ್ಕಿದ್ದು ಬಲಬದಿಯ ಕಿಟಕಿ. ಪಕ್ಕದಲ್ಲಿ ಕೂತ ಅಜ್ಜಿ ಕರ್ಕಿ ದಾಟುವ ಹೊತ್ತಿಗೆ ಸೊಂಟದ ಸಂಚಿ ತೆಗೆದು ಕವಳಕ್ಕೆ ಶುರುಮಾಡಿದಳು. ಎಲೆ, ಅಡಿಕೆ, ಸುಣ್ಣ, ಚೂರು ಹೊಗೆಸೊಪ್ಪು ಸೇರಿಸಿ ಮಡಚಿದ್ದಕ್ಕೆ ನಮ್ಮಲ್ಲಿ ಕವಳ ಎನ್ನುತ್ತಾರೆ. ಅವಳು ಎಲೆಯ ಬೆನ್ನಿಗೆ ಸುಣ್ಣ ಸವರಿದಳು. ಹಸಿ ಗೋಡೆಯಂಥ ಆ ತಣ್ಣನೆಯ ವಾಸನೆ ಮೂಗಿಗೆ ಬಿದ್ದದ್ದೇ ಹನ್ನೊಂದು ವರ್ಷದ ಹಿಂದಿನ ಒಂದು ಈರುಳ್ಳಿ ಸುಗ್ಗಿ ಇಡಿಯಾಗಿ ನನ್ನ ತೊಡೆಯ ಮೇಲೆ ಬಂದು ಕೂತಿತು.

ಆಗ ನನಗೆ ಮೂವತ್ತಾರು. ಹಲ್ಲಿನ ಡಾಕ್ಟರಾಗಿ ಮೂರು ಊರಿಗೆ ಹಂಚಿಹೋಗಿದ್ದೆ. ಸೋಮವಾರ, ಮಂಗಳವಾರ ಭಟ್ಕಳದ ಒಂದು ಮಾಳಿಗೆಯ ಕೋಣೆ. ಬುಧವಾರ, ಗುರುವಾರ ಹೊನ್ನಾವರದ ಮನೆಯ ಮುಂಭಾಗ. ಶುಕ್ರವಾರ, ಶನಿವಾರ ಕುಮಟೆ. ಮೂರು ಬೀಗ, ಮೂರು ನಲ್ಲಿ, ಮೂರು ಕಡೆ ಆರಿಸಬೇಕಾದ ಸ್ವಿಚ್ಚುಗಳು. ನನ್ನಂಥ ಚಿಂತೆಯ ಜೀವಕ್ಕೆ ಇದಕ್ಕಿಂತ ಕೆಟ್ಟ ಏರ್ಪಾಟು ಇರಲಾರದು. ಭಟ್ಕಳದ ನಲ್ಲಿ ನಿಲ್ಲಿಸಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಇಳಿದು ವಾಪಸು ಹೋದದ್ದಿದೆ. ಜಾಲಿಯಿಂದ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ಕುರ್ಚಿಯಲ್ಲಿ ಕೂತು ನನ್ನ ಮುಖ ನೋಡಿ, ಹಲ್ಲು ನಮ್ಮದು, ಹೆದರಿಕೆ ಮಾತ್ರ ಡಾಕ್ಟರದ್ದು ಎಂದು ನವಾಯತಿಯಲ್ಲಿ ಹೇಳಿದ್ದನ್ನು ಅವರ ಮಗಳು ನಗುತ್ತ ನನಗೆ ಕನ್ನಡದಲ್ಲಿ ತಿಳಿಸಿದ್ದಳು.

ಹೊನ್ನಿ ಕುಮಟೆಯ ಕ್ಲಿನಿಕ್ಕಿಗೆ ಬಂದದ್ದು ಶಿವರಾತ್ರಿ ಕಳೆದು ಗದ್ದೆಗಳಲ್ಲಿ ಈರುಳ್ಳಿ ಕೀಳುತ್ತಿದ್ದ ಹೊತ್ತಿಗೆ. ಐವತ್ತರ ಆಚೀಚೆ, ಗಟ್ಟಿ ಮೈ, ಕುತ್ತಿಗೆ ತುಂಬ ಕರಿಮಣಿ. ಮೇಲಿನ ಮುಂದಿನ ಹಲ್ಲಿನ ಒಸಡಿನಲ್ಲಿ ಒಂದು ಗುಳ್ಳೆ, ಒತ್ತಿದರೆ ಕೀವು. ಹಿಂದೆಂದೋ ಎಮ್ಮೆ ತಲೆ ಕೊಡವಿದಾಗ ಪೆಟ್ಟು ಬಿದ್ದಿತ್ತಂತೆ. ಹಲ್ಲು ಒಳಗೇ ಸತ್ತು, ಬೇರಿನ ತುದಿಯಲ್ಲಿ ಕೊಳೆ ಕಟ್ಟಿತ್ತು. ಎಕ್ಸ್‌ರೇಯಲ್ಲಿ ಅಲ್ಲಿ ಕಡಲೆಕಾಳಿನಷ್ಟು ಕಪ್ಪು. ನಾನು ಕೀಳುವ ಮಾತು ಎತ್ತುತ್ತಲೇ ಅವಳು ಬಾಯಿ ಮುಚ್ಚಿಕೊಂಡಳು.

“ಕೀಳೂದು ಬೇಡ್ರಾ ಡಾಕ್ಟ್ರಮ್ಮ. ಇದು ನನ್ನ ಮೂರನೇ ಕೈ.”

ಹೇಗೆಂದು ಅಲ್ಲೇ ತೋರಿಸಿದಳು. ಈರುಳ್ಳಿಯ ಒಣಗಿದ ಸೊಪ್ಪನ್ನು ಜಡೆ ಹೆಣೆಯುವಾಗ ಎರಡು ಕೈಗೂ ಕೆಲಸ. ಬಿಗಿಯಾಗಿ ಎಳೆದು ಹಿಡಿಯಬೇಕಾದ ಮೂರನೆಯ ಎಳೆ ಮುಂದಿನ ಹಲ್ಲುಗಳ ನಡುವೆ. ಸೆರಗಿನ ತುದಿಯನ್ನು ಕಚ್ಚಿ, ಗಾಳಿಯಲ್ಲಿ ಕೈಯಾಡಿಸಿ ಒಂದು ಮೊಳ ಹೆಣೆದೇಬಿಟ್ಟಳು. ಕಟ್ಟುಹಲ್ಲಿನಿಂದ ಆ ಎಳೆತ ಆಗುವುದಿಲ್ಲ. ಜಡೆ ಸಡಿಲಾದರೆ ಈರುಳ್ಳಿ ಒಂದೊಂದೇ ಉದುರುತ್ತದೆ, ಉದುರಿದ್ದನ್ನು ಯಾರೂ ಕೇಳುವುದಿಲ್ಲ. ಹಲ್ಲು ಉಳಿಸಿಕೊಡುತ್ತೇನೆ ಎಂದೆ. ಇಂಥ ಮಾತನ್ನು ನಾನು ಸಾಮಾನ್ಯವಾಗಿ ಕೊಡುವವಳಲ್ಲ. ಕೊಟ್ಟಮೇಲೆ ಎರಡು ದಿನ ನಿದ್ದೆಗೆಟ್ಟೆ.

ಹೊನ್ನಿಯ ಜೊತೆಗೆ ಪ್ರತಿಸಲವೂ ಮಂಗ್ಲಿ ಬರುತ್ತಿದ್ದಳು. ಪಕ್ಕದ ಮನೆಯವಳು, ಪಕ್ಕದ ಗದ್ದೆಯವಳು, ಹೆದ್ದಾರಿ ಬದಿಯಲ್ಲಿ ಪಕ್ಕದ ಚಪ್ಪರದವಳು. ಇಬ್ಬರ ನಡುವೆ ಒಂದೇ ಕವಳದ ಸಂಚಿ: ಎಲೆ ಅಡಿಕೆ ಹೊನ್ನಿಯದು, ಸುಣ್ಣ ಹೊಗೆಸೊಪ್ಪು ಮಂಗ್ಲಿಯದು. ಮದುವೆಯಾಗಿ ಬಂದ ವರ್ಷದಿಂದ ಹಾಗೇ ನಡೆದಿತ್ತಂತೆ. ಒಬ್ಬಳು ಇಲ್ಲದೆ ಇನ್ನೊಬ್ಬಳ ಕವಳ ಪೂರ್ತಿಯಾಗುವುದಿಲ್ಲ. ನನ್ನ ಬಾಗಿಲ ಹೊರಗಿನ ಬೆಂಚಿನಲ್ಲಿ, ಉಗುಳಬಾರದು ಎಂಬ ಬೋರ್ಡಿನ ಅಡಿಯಲ್ಲೇ ಕೂತು ಮಂಗ್ಲಿ ಎಲೆ ಒರೆಸುತ್ತಿದ್ದಳು. ಹೊಗೆಸೊಪ್ಪಿನಿಂದ ಬಾಯಿಗೆ ಏನಾಗುತ್ತದೆ ಎಂದು ನಾನು ಚಿತ್ರ ತೋರಿಸಿ ಉಪದೇಶ ಮಾಡಿದೆ. ಇಬ್ಬರೂ ಭಕ್ತಿಯಿಂದ ಕೇಳಿ, ಹೊರಗೆ ಹೋಗಿ, ಒಂದೊಂದು ಕವಳ ಹಾಕಿದರು.

ಮೊದಲು ಬೇರಿನ ನಾಳವನ್ನು ತೊಳೆದು ಸುಣ್ಣದ ಲೇಹ ತುಂಬಿದೆ. ಹೌದು, ಸುಣ್ಣವೇ. ನಾವು ದೊಡ್ಡ ಹೆಸರಿಟ್ಟು ಕರೆಯುವ ಆ ಔಷಧ ಮೂಲದಲ್ಲಿ ನೀರಲ್ಲಿ ಅರಳಿದ ಸುಣ್ಣ, ಸ್ವಲ್ಪ ಶುದ್ಧ, ಅಷ್ಟೆ. ಇದನ್ನು ಹೇಳದೆ ಇರಬಹುದಿತ್ತು. ಹೇಳಿದೆ. ಹೊನ್ನಿ ಕುರ್ಚಿಯಿಂದಲೇ ಹೊರಗೆ ಕೂಗಿದಳು: “ಏ ಮಂಗ್ಲಿ, ನಮ್ಮ ಸಂಚಿಯ ಸುಣ್ಣವೇ ಅಂತ್ಯೆ!”

“ಹಂಗಾರೆ ನಾನೂ ಒಂದು ಬೋರ್ಡು ಹಾಕ್ತೆ,” ಎಂದಳು ಮಂಗ್ಲಿ.

ಎರಡು ವಾರ ಕಳೆದು ನೋಡಿದರೆ ಗುಳ್ಳೆ ಹಾಗೇ ಇತ್ತು. ಮತ್ತೆ ತೊಳೆದು ಮತ್ತೆ ಸುಣ್ಣ. ಯುಗಾದಿ ಕಳೆಯಿತು, ಗುಳ್ಳೆ ಹೋಗಲಿಲ್ಲ. ಕ್ರಿಮಿಗಳು ಬಿಡಿಬಿಡಿಯಾಗಿ ಇದ್ದಾಗ ಸಾಯುವುದು ಸುಲಭ. ಬೇರಿನ ಸಂದುಗಳಲ್ಲಿ ಅವು ಒಟ್ಟಾಗಿ ನೆಲೆಯೂರಿ, ಮೇಲೆ ಲೋಳೆಯ ಹೊದಿಕೆ ಹೊದ್ದುಕೊಂಡರೆ ಔಷಧ ಹೊರಗೇ ನಿಲ್ಲುತ್ತದೆ. ಹೊನ್ನಾವರದಲ್ಲಿ ಮಳೆಗಾಲಕ್ಕೆ ದೋಣಿಗಳನ್ನು ದಡಕ್ಕೆ ಎಳೆದಾಗ ಅವುಗಳ ತಳ ನೋಡಬೇಕು. ಹಸುರು ಲೋಳೆ, ಅದರ ಮೇಲೆ ಚಿಪ್ಪು, ಅದರ ಸಂದಿನಲ್ಲಿ ಮತ್ತೆ ಲೋಳೆ. ಕತ್ತಿಯಿಂದ ಕೆರೆಯುವವರ ಬೆವರಿಳಿಯುತ್ತದೆ. ಹೊನ್ನಿಯ ಹಲ್ಲಿನೊಳಗೂ ಅಂಥದೇ ಒಂದು ತಳ ಎಂದು ನನಗೆ ಅನ್ನಿಸುತ್ತಿತ್ತು. ಅಲ್ಲಿಗೆ ಕತ್ತಿ ಹೋಗುವುದಿಲ್ಲ.

ಆಗ ಮೂರು ಪ್ರತಿಜೀವಕಗಳನ್ನು ಅರೆದು ಕಲಸಿದ ಲೇಹದ ಬಗ್ಗೆ ಓದಿದೆ. ಎರಡು ಮಾತ್ರೆ ಎಲ್ಲೆಲ್ಲೂ ಸಿಗುವಂಥವು. ಮೂರನೆಯದು, ಮಿನೋಸೈಕ್ಲಿನ್, ತರಿಸಬೇಕಾಯಿತು. ಭಟ್ಕಳದ ಔಷಧಿ ಅಂಗಡಿಯವರು ಅದನ್ನು ಕೈಗಿಡುತ್ತ, ಯಾರಿಗೆ ಮೊಡವೆ ಎಂದು ಕೇಳಿದರು. ಅವರ ಪ್ರಕಾರ ಅದು ಕಾಲೇಜು ಹುಡುಗಿಯರ ಔಷಧ. ಅದೇ ಮೂರನೆಯದು ಹಲ್ಲಿನ ಒಳಗೋಡೆಗೆ ಇಳಿದರೆ ಬೂದುನೀಲಿ ಬಣ್ಣ ಕಟ್ಟುತ್ತದೆ. ಹಾಗಾಗಿ ಮುಂದಿನ ಹಲ್ಲಿನಲ್ಲಿ ಅದನ್ನು ಬಿಡುವುದು ಒಳ್ಳೆಯದು. ಬಿಡದಿದ್ದರೆ, ಮೊದಲು ಒಳಗೋಡೆಗೆ ತೆಳುವಾದ ಅಂಟು ಸವರಿ ನೀಲಿ ಬೆಳಕಿನ ದೀಪ ಹಿಡಿದು ಗಟ್ಟಿ ಮಾಡಬೇಕು, ಲೇಹವನ್ನು ಒಸಡಿನೊಳಗಿನ ಬೇರಿನಲ್ಲೇ ನಿಲ್ಲಿಸಬೇಕು. ಇದೆಲ್ಲ ನನಗೆ ಗೊತ್ತಿತ್ತು. ಪೆನ್ಸಿಲಿನಲ್ಲಿ ಎರಡು ಸಲ ಅಡಿಗೆರೆ ಎಳೆದಿದ್ದೆ.

ಮೇ ತಿಂಗಳ ಕೊನೆಯ ಶುಕ್ರವಾರ. ಬೆಳಗಿನ ಗಾಳಿಗೆ ಎಲ್ಲೋ ತೆಂಗಿನ ಮರ ತಂತಿಯ ಮೇಲೆ ಬಿದ್ದು ಆಗಿನಿಂದ ಕರೆಂಟಿರಲಿಲ್ಲ. ಸೆಕೆಗೆ ಗೋಡೆಯೂ ಬೆವರುತ್ತಿತ್ತು. ಹೊನ್ನಿ ಕುರ್ಚಿಯಲ್ಲಿದ್ದಳು, ಲೇಹ ಕಲಸಿಯಾಗಿತ್ತು. ನನ್ನ ಸಹಾಯಕಿ ಫಿಲೋಮಿನಾ ಬೆಳಕಿನ ದೀಪ ಒತ್ತಿ ನೋಡಿದಳು. ಚಾರ್ಜ್ ಇರಲಿಲ್ಲ. ಈ ಸಲವೂ ಸುಣ್ಣವೇ ಹಾಕಿ ಕಳಿಸಿದರೆ ಆಗದೇ ಎಂದು ಮೆಲ್ಲಗೆ ಕೇಳಿದಳು.

ಆಗುತ್ತಿತ್ತು. ಒಂದು ವಾರ ಮುಂದಕ್ಕೆ ಹಾಕಿದ್ದರೆ ಏನೂ ಕೆಡುತ್ತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ನನ್ನ ತಲೆಯಲ್ಲಿ ಬೇರೆಯೇ ಬೆಂಕಿ ಹತ್ತಿತ್ತು. ಬೆಳಿಗ್ಗೆ ಹೊನ್ನಾವರದಲ್ಲಿ ಸೀರೆಗೆ ಇಸ್ತ್ರಿ ಹಾಕಿದ್ದೆ. ಕರೆಂಟು ಹೋಯಿತು. ಪೆಟ್ಟಿಗೆಯ ಸ್ವಿಚ್ಚು ಆರಿಸಿದ್ದೇನೋ ಇಲ್ಲವೋ. ಈಗ ಕರೆಂಟು ಬಂದರೆ ಪೆಟ್ಟಿಗೆ ಕಾಯುತ್ತದೆ, ಹಾಸಿಗೆ ಹೊತ್ತುತ್ತದೆ, ಮನೆ ಹೊತ್ತುತ್ತದೆ. ಅಂಟಿಲ್ಲದೆ, ಬೆಳಕಿಲ್ಲದೆ, ನಾನು ಆ ಲೇಹವನ್ನು ಹಲ್ಲಿನ ಕಂಠದವರೆಗೂ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟು ಒತ್ತಿ, ಹದಿನೈದು ದಿನ ಬಿಟ್ಟು ಬಾ ಎಂದು ಹೇಳಿ ಬಸ್ಸಿಗೆ ಓಡಿದೆ. ಮನೆಗೆ ಹೋಗಿ ನೋಡಿದರೆ ಇಸ್ತ್ರಿ ಪೆಟ್ಟಿಗೆ ಕಪಾಟಿನಲ್ಲಿತ್ತು, ತಂತಿ ಸುತ್ತಿ, ತಣ್ಣಗೆ. ಜೀವಮಾನವಿಡೀ ಚಿಂತೆ ಮಾಡಿದವಳು ನಾನು. ಮಾಡಬೇಕಾಗಿದ್ದ ಒಂದೇ ಒಂದು ಚಿಂತೆಯನ್ನು ಆವತ್ತು ಮಾಡಲಿಲ್ಲ.

ಮುಂದಿನ ವಾರ ಮಳೆ ಹಿಡಿಯಿತು. ಹದಿನೈದು ದಿನಕ್ಕೆ ಹೊನ್ನಿ ಬರಲಿಲ್ಲ. ಬರಲಿ ಎಂದರೂ ಹೇಗೆ? ಸಸಿ ಮಡಿ, ಹೂಟಿ, ನಾಟಿ, ಕಳೆ. ನೋವಂತೂ ಇರಲಿಲ್ಲ. ನೋವು ಹೋದಮೇಲೂ ಬರುವ ರೋಗಿಯನ್ನು ನಾನು ಇವತ್ತಿನವರೆಗೆ ಕಂಡಿದ್ದು ಕಡಿಮೆ. ಫೋನು ಮಾಡಿಸಬಹುದಿತ್ತು. ಮಾಡಿಸೋಣ ಎಂದು ಪ್ರತಿ ಶುಕ್ರವಾರ ಅಂದುಕೊಂಡೆ, ಪ್ರತಿ ಶನಿವಾರ ಮರೆತೆ. ಮಳೆ ಸುರಿಯುತ್ತಲೇ ಇತ್ತು, ಶರಾವತಿ ಕೆಂಪಾಗಿ ಹರಿಯಿತು, ದೋಣಿಗಳು ದಡದಲ್ಲಿ ಮಕಾಡೆ ಮಲಗಿದವು. ಆ ಹಲ್ಲಿನೊಳಗೆ ನನ್ನ ಲೇಹ ಮೂರು ತಿಂಗಳು ತನ್ನ ಕೆಲಸ ತಾನು ಮಾಡಿತು, ಎರಡು ಕೆಲಸವನ್ನೂ.

ಚೌತಿ ಕಳೆದ ಮೇಲೆ ಇಬ್ಬರೂ ಬಂದರು. ಗುಳ್ಳೆ ಮಾಯವಾಗಿತ್ತು. ಎಕ್ಸ್‌ರೇಯಲ್ಲಿ ಕಪ್ಪು ತುಂಬಿಕೊಂಡು ಬರುತ್ತಿತ್ತು, ಮೂಳೆ ಬೆಳೆಯುತ್ತಿತ್ತು. ಅಂಥ ಚಂದದ ಫಲಿತಾಂಶ ನನ್ನ ಕೈಯಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ. ಹಲ್ಲಿನ ಬಣ್ಣ ಮಾತ್ರ ಶಾಲೆಯ ಹಳೆಯ ಪಾಟಿಯ ಬಣ್ಣವಾಗಿತ್ತು. ಬಾಯಿ ತೆರೆದರೆ ನಡು ಮಧ್ಯದಲ್ಲಿ ಒಂದು ಮೋಡ.

“ಎಂತಕೆ ಹಿಂಗಾತು ಡಾಕ್ಟ್ರಮ್ಮ?”

ಅರ್ಧ ಬಾಗಿಲ ಆಚೆ ಏಳೆಂಟು ಜನ ಕಾಯುತ್ತಿದ್ದರು, ಅವರಲ್ಲಿ ಇಬ್ಬರು ಮಾಸ್ತರರು. ಅಲ್ಲಿ ಸೂಜಿ ಬಿದ್ದರೂ ಕೇಳುತ್ತಿತ್ತು. ನಾನು ಮೊದಲು ಹೊನ್ನಿಯ ಬಾಯಿಗೆ ಹತ್ತಿಯ ಉಂಡೆಗಳನ್ನು ತುಂಬಿದೆ, ಆಮೇಲೆ ಉತ್ತರ ಕೊಟ್ಟೆ. ಎದುರಿನವರಿಗೆ ಮಾತಾಡಲಿಕ್ಕೆ ಆಗದಂತೆ ಮಾಡಿ ಮಾತಾಡುವ ಅನುಕೂಲ ನಮ್ಮ ವೃತ್ತಿಗೆ ಮಾತ್ರ ಇದೆ. ಕವಳ ತಿನ್ನುತ್ತೀಯಲ್ಲ, ಅದರ ಕಲೆ ಎಂದೆ. ಹಲ್ಲು ಸತ್ತಮೇಲೆ ಕಲೆ ಬೇಗ ಹಿಡಿಯುತ್ತದೆ ಎಂದೂ ಸೇರಿಸಿದೆ. ಸುಳ್ಳಿಗೆ ಸ್ವಲ್ಪ ಶಾಸ್ತ್ರ ಬೆರೆಸಿದರೆ ಅದು ಹೆಚ್ಚು ಬಾಳುತ್ತದೆ. ಹತ್ತಿ ತೆಗೆದಾಗ ಹೊನ್ನಿ ಕೇಳಿದ್ದು ಒಂದೇ: ಕವಳ ಬಿಟ್ಟರೆ ಹೋಗುತ್ತದಾ? ಹೋಗುವುದಿಲ್ಲ, ಹೆಚ್ಚಾಗುವುದಿಲ್ಲ ಎಂದೆ.

ನಾಳಕ್ಕೆ ಶಾಶ್ವತವಾಗಿ ತುಂಬಿ ಕಳಿಸಿದೆ. ಬಾಗಿಲ ಸಂದಿನಿಂದ ಕಂಡಿತು: ಬೆಂಚಿನಲ್ಲಿ ಮಂಗ್ಲಿ ಎಂದಿನಂತೆ ಕವಳ ಮಡಚಿ ಕೈ ಚಾಚಿದಳು. ಹೊನ್ನಿ ಬೇಡ ಎಂದು ತಲೆಯಾಡಿಸಿದಳು. ಮಂಗ್ಲಿಯ ಕೈ ಚಾಚಿದ್ದು ಚಾಚಿದಂತೆ ಎಷ್ಟೋ ಹೊತ್ತು ಹಾಗೇ ಇತ್ತು. ಫಿಲೋಮಿನಾ ಆ ಸಂಜೆ ನನಗೆ ಚಾ ಮಾಡಿಕೊಡಲಿಲ್ಲ. ನಾನೂ ಕೇಳಲಿಲ್ಲ.

ಆಮೇಲಿನದು ಫಿಲೋಮಿನಾಳ ಮೂಲಕವೇ ಬಂತು. ಹೊನ್ನಿ ಕವಳ ಬಿಟ್ಟಳು, ಒಂದೇ ದಿನಕ್ಕೆ, ಪೂರ್ತಿ. ದೀಪಾವಳಿಯ ಹೊತ್ತಿಗೆ ಅವಳಿಗೂ ಮಂಗ್ಲಿಗೂ ಮಾತು ನಿಂತಿತ್ತು. ಕವಳದ ವಿಷಯಕ್ಕೇ ಜಗಳವಂತೆ. ನಾನು ನನಗೆ ಸಮಾಧಾನ ಹೇಳಿಕೊಂಡೆ: ಹೊಗೆಸೊಪ್ಪು ಬಿಟ್ಟಳಲ್ಲ, ಒಂದು ಬಾಯಿ ಉಳಿಯಿತಲ್ಲ. ಇಷ್ಟು ವರ್ಷ ಸಾವಿರಾರು ಜನಕ್ಕೆ ಸಾವಿರಾರು ಒಳ್ಳೆಯ ಮಾತು ಹೇಳಿದ್ದೇನೆ, ಚಿತ್ರ ತೋರಿಸಿ, ಕೈ ಮುಗಿದು. ಅವುಗಳಲ್ಲಿ ಒಬ್ಬರಾದರೂ ಅಕ್ಷರಶಃ ಪಾಲಿಸಿದ್ದು ಇದೊಂದೇ, ಮತ್ತು ಇದೊಂದೇ ಸುಳ್ಳು.

ಕಲೆ ತಿಳಿ ಮಾಡಲು ದಾರಿಗಳಿದ್ದವು. ಬಿಳುಪು ಮಾಡಬಹುದಿತ್ತು, ಹಲ್ಲಿನ ಮೇಲೆ ಪಿಂಗಾಣಿಯ ಟೋಪಿ ಹಾಕಬಹುದಿತ್ತು. ಕರೆದರೆ ಯಾಕೆ ಎಂದು ಹೇಳಬೇಕು. ಹೇಳುವ ಬದಲು ಬಸ್ಸಿನ ಸೀಟು ಬದಲಿಸಿದೆ. ನಡುವೆ ಹೆದ್ದಾರಿ ಅಗಲವಾಯಿತು, ನಟ್ಟನಡುವೆ ಗೋಡೆ ಬಂತು, ಮಂಗ್ಲಿಯ ಚಪ್ಪರ ಪಶ್ಚಿಮದ ಬದಿಗೆ ಹೋಯಿತು. ಅಲ್ಲಿಗೆ ನನಗೆ ಎಡಬದಿಯ ಸೀಟಿನಲ್ಲೂ ನೆಮ್ಮದಿ ಇಲ್ಲ. ಆ ಒಂದು ಕಿಲೋಮೀಟರು ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತೇನೆ.

ಕಳೆದ ತಿಂಗಳು ಹುಡುಕಲು ಆಗಲಿಲ್ಲ. ಅಜ್ಜಿಯ ಸಂಚಿ ನನ್ನ ಬ್ಯಾಗಿನ ಮೇಲೆಯೇ ಹರಡಿತ್ತು. ಸುಣ್ಣದ ವಾಸನೆ, ಬಲಬದಿಯ ಕಿಟಕಿ, ಅಷ್ಟರಲ್ಲಿ ಆ ಚಪ್ಪರಗಳು. ಯಾರೋ ಇಳಿಯಲು ಬೆಲ್ಲು ಹೊಡೆದರು. ಅವರ ಹಿಂದೆ ನಾನೂ ಇಳಿದು, ರಸ್ತೆ ದಾಟಿ ಹೊನ್ನಿಯ ಬದಿಗೆ ಹೋಗಿಬಿಟ್ಟೆ. ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಾರಲ್ಲ ಎಂಬ ಚಿಂತೆ ಇಳಿದ ಮೇಲೆ ಬಂತು.

ಹೊನ್ನಿಯ ಕೂದಲು ಬೆಳ್ಳಗಾಗಿತ್ತು. ಕಾಲು ಚಾಚಿ ಕೂತು ಜಡೆ ಹೆಣೆಯುತ್ತಿದ್ದಳು. ಎಳೆ ಹಲ್ಲಿನಲ್ಲಿತ್ತು, ಆ ಹಲ್ಲಿನಲ್ಲೇ. ನನ್ನನ್ನು ಕಂಡು ಕಣ್ಣಲ್ಲೇ ನಕ್ಕು, ಗೋಣಿಯ ಕಡೆಗೆ ಹುಬ್ಬು ಹಾರಿಸಿ ಕೂರಲು ಹೇಳಿದಳು. ಅವಳ ಬಾಯಿ ಖಾಲಿ ಇಲ್ಲ ಎಂದು ಗೊತ್ತಾದ ಕೂಡಲೇ ನನಗೆ ಧೈರ್ಯ ಬಂತು. ನನ್ನ ಬುದ್ಧಿ ಎಲ್ಲಿ ಹೋಗಬೇಕು! ಒಂದೇ ಉಸಿರಿಗೆ ಹೇಳಿದೆ: ಅದು ಕವಳದ ಕಲೆಯಲ್ಲ, ನಾನು ತುಂಬಿದ ಔಷಧದ್ದು, ನನಗೆ ಮೊದಲೇ ಗೊತ್ತಿತ್ತು, ಆವತ್ತು ಹೇಳಿದ್ದು ಸುಳ್ಳು.

ಅವಳು ಕೈ ನಿಲ್ಲಿಸಲಿಲ್ಲ. ಇನ್ನೂ ಅರ್ಧ ಜಡೆ ಬಾಕಿಯಿತ್ತು. ಒಂದೊಂದೇ ಈರುಳ್ಳಿಯನ್ನು ಸೇರಿಸಿ, ಎಳೆದು, ಬಿಗಿದು, ಕೊನೆಯ ಗಂಟು ಹಾಕಿ, ಎದ್ದು ಗಳಕ್ಕೆ ತೂಗುಹಾಕಿ ಬಂದಳು. ಅಷ್ಟು ಉದ್ದದ ಜಡೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

“ಮಂಗ್ಲಿ ಆವತ್ತೇ ಹೇಳಿದ್ಲು,” ಎಂದಳು. “ಕವಳದ ಕಲೆ ಕೆಂಪು, ಇದು ಮೋಡದ ಬಣ್ಣ, ಡಾಕ್ಟ್ರಮ್ಮ ಎಂತದೋ ಮಾಡಿಟ್ಟು ನಿನ್ನ ಮೇಲೆ ಹಾಕ್ತಿದ್ದು ಅಂತ. ನಂಗೆ ಸಿಟ್ಟು ಬಂತು. ನಮ್ಮ ಡಾಕ್ಟ್ರಮ್ಮ ಸುಳ್ಳು ಹೇಳುವವ್ಳಲ್ಲ ಅಂದೆ. ಅದೇ ಮಾತು ಬೆಳೀತು.”

ಕವಳಕ್ಕೆ ಜಗಳ ಎಂದು ಇಷ್ಟು ವರ್ಷ ತಿಳಿದಿದ್ದೆ. ಜಗಳ ನನ್ನ ಮರ್ಯಾದೆಗೆ ನಡೆದಿತ್ತು. ನಾನು ಹಲ್ಲಿಗೆ ಟೋಪಿ ಹಾಕಿಕೊಡುತ್ತೇನೆ,  ನಾಳೆಯೇ ಬಾ, ಬಣ್ಣ ಕಾಣುವುದಿಲ್ಲ ಎಂದೆಲ್ಲ ಬಡಬಡಿಸತೊಡಗಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಹಲ್ಲು ಕೆಲ್ಸ ಮಾಡ್ತದೆ. ಅದು ಆಮೇಲೆ. ನೀವು ಏಳಿ.”

ನನ್ನ ಮಣಿಕಟ್ಟು ಹಿಡಿದು ರಸ್ತೆಗೆ ಇಳಿದಳು. ಮೀನಿನ ಲಾರಿಗಳು, ಟ್ಯಾಂಕರುಗಳು. ನಾನು ಎರಡೂ ಕಡೆ ನಾಲ್ಕು ನಾಲ್ಕು ಸಲ ನೋಡಿದೆ. ಅವಳು ಒಂದು ಸಲವೂ ನೋಡಿದಂತಿಲ್ಲ. ನಡುವಿನ ಗೋಡೆ ಮೊಣಕಾಲೆತ್ತರ. ಸೀರೆ ಎತ್ತಿಕೊಂಡು ದಾಟಿದೆವು. ಆಚೆ ಬದಿಯಲ್ಲಿ ಮಂಗ್ಲಿ ನಮ್ಮನ್ನು ನೋಡಿ, ನೋಡದವಳಂತೆ ಈರುಳ್ಳಿಯ ಸಿಪ್ಪೆ ಬಿಡಿಸುತ್ತ ಕೂತಳು. ಹೊನ್ನಿ ಅವಳೊಡನೆ ಮಾತಾಡಲಿಲ್ಲ. ನನ್ನನ್ನು ಮುಂದಕ್ಕೆ ನೂಕಿ, ಹೇಳಿ, ಎಂದಳು.

ಮಂಗ್ಲಿ ಎದ್ದು, ಬಾಯಲ್ಲಿದ್ದ ಕವಳವನ್ನು ಚಪ್ಪರದ ಹಿಂದೆ ಉಗುಳಿ, ನೀರು ಮುಕ್ಕಳಿಸಿ ಬಂದು ನನ್ನೆದುರು ಕೂತಳು. ಈ ಸಲ ಯಾರ ಬಾಯಿಯೂ ತುಂಬಿರಲಿಲ್ಲ. ಎಲ್ಲ ಹೇಳಿದೆ. ದೀಪಕ್ಕೆ ಚಾರ್ಜ್ ಇಲ್ಲದ್ದು, ಫಿಲೋಮಿನಾ ಬೇಡ ಎಂದದ್ದು, ಇಸ್ತ್ರಿ ಪೆಟ್ಟಿಗೆ. ಹೇಳುತ್ತ ಹೋದಂತೆ ಎಲ್ಲ ಎಷ್ಟು ಚಿಕ್ಕದಾಗಿ ಕೇಳುತ್ತಿತ್ತೆಂದರೆ, ಇದಕ್ಕಾಗಿ ಇಬ್ಬರು ಹೆಂಗಸರು ಇಷ್ಟು ವರ್ಷ ಮಾತು ಬಿಟ್ಟು, ಕೊನೆಗೆ ರಸ್ತೆಯ ಎರಡು ಬದಿಗೆ ಕೂತರು ಎಂದು ನನಗೇ ನಂಬಿಕೆ ಬರಲಿಲ್ಲ.

“ಪೆಟ್ಟಿಗೆ ಉರೀತಿತ್ತಾ?” ಎಂದು ಕೇಳಿದಳು ಮಂಗ್ಲಿ.

“ಇಲ್ಲ. ಕಪಾಟಿನಲ್ಲಿತ್ತು.”

ಮಂಗ್ಲಿ ಹೊನ್ನಿಯನ್ನು ನೋಡಿದಳು. ಆಮೇಲೆ ಸಂಚಿ ಬಿಚ್ಚಿ ಎಲೆ ಒರೆಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಕೈ ಚಾಚಿದಳು. ಹೊನ್ನಿ ಆ ಕೈಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ತಿನ್ನಬಹುದಾ ಎಂದು ಕೇಳುವ ಮುಖ. ಬೇಡ ಎನ್ನುವುದೇ ನನ್ನ ಶಾಸ್ತ್ರ. ಆ ಶಾಸ್ತ್ರವನ್ನು ಹೇಳುವ ಬಾಯಿ ನನ್ನದಾಗಿ ಉಳಿದಿರಲಿಲ್ಲ.

“ಅವ್ರ ಮುಖ ಎಂತ ನೋಡ್ತೆ, ತಗಾ,” ಎಂದಳು ಮಂಗ್ಲಿ.

ಹೊನ್ನಿ ತೆಗೆದುಕೊಂಡಳು. ಬಾಯಿಗೆ ಹಾಕಿದಳೋ, ಕೈಯಲ್ಲೇ ಇಟ್ಟುಕೊಂಡಳೋ ನೋಡಲು ನನಗೆ ಆಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಕವಳ, ಹೊಗೆಸೊಪ್ಪಿಲ್ಲದ್ದು, ನನ್ನ ಮೂಗಿನ ಎದುರು ಬಂದು ನಿಂತಿತ್ತು. ಕವಳ ಬೇಡ ಎಂದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬಾಯಿಗೆ ಹಾಕಿಕೊಂಡೆ, ಜೀವಮಾನದಲ್ಲಿ ಮೊದಲ ಸಲ. ಎಷ್ಟೋ ಜನರ ಹಲ್ಲಿನೊಳಗೆ ಸುಣ್ಣ ತುಂಬಿದವಳಿಗೆ ಅದು ನಾಲಿಗೆಯನ್ನು ಹೀಗೆ ಸುಡುತ್ತದೆ ಎಂದು ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು.

“ಸುಣ್ಣ ಜಾಸ್ತಿ ಆತಾ?” ಮಂಗ್ಲಿ ಕೇಳಿದಳು.

“ಇಲ್ಲ ಇಲ್ಲ,” ಎಂದೆ, ಕಣ್ಣು ಒರೆಸಿಕೊಳ್ಳುತ್ತ. “ಸರಿ ಇದೆ.”

ಮಂಗ್ಲಿ ಹೊನ್ನಿಯ ಮೊಣಕೈ ತಿವಿದಳು.

“ನೋಡಿದ್ಯಾ? ನಾ ಆವತ್ತೇ ಹೇಳಿದ್ದೆ ಅಲ್ದಾ.”